ಪಕ್ಕದ ಮನೆಯ ಉರಾಬೆ ಮತ್ತು ನನ್ನ ಹೊಟ್ಟೆಕಿಚ್ಚು

ಸಾಹಸ ಕಾದಂಬರಿ ಬರೆಯುವವನಿಗೆ ಕಾರು ಓಡಿಸಲಾದರೂ ಬರಬೇಡವೇ? ಹಾಲು ತರಲೂ ಜನ ಕಾರು ತೆಗೆಯುವ ಇಂಗ್ಲೆಂಡಿನ ಈ ಸೊಲಿಹಲ್‌ನಲ್ಲಿ ನಮ್ಮ ಪಕ್ಕದ ಮನೆಯ ಉರಾಬೆ ಸಕಿಚಿ ಎಂಬ ಮಹಾಶಯರಿಗೆ ಲೈಸೆನ್ಸೇ ಇಲ್ಲ. ಬಸ್ಸು ಹತ್ತಿದರೆ ಮುಂದಿನ ಸೀಟೇ ಆಗಬೇಕು, ಕಂಬಿಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡೇ ಕೂರಬೇಕು. ಏಣಿ ಹತ್ತುವುದಿಲ್ಲ. ನಾಯಿ ಕಂಡರೆ ರಸ್ತೆ ದಾಟುತ್ತಾರೆ. ಇಂಥವರು ಜಪಾನೀ ಭಾಷೆಯಲ್ಲಿ ನಲವತ್ತಕ್ಕೂ ಹೆಚ್ಚು ಸಾಹಸ ಕಾದಂಬರಿ ಬರೆದಿದ್ದಾರೆ, ಅವನ್ನು ಲಕ್ಷಗಟ್ಟಲೆ ಜನ ಓದಿದ್ದಾರೆ. ಈ ವಾಕ್ಯ ಬರೆಯುವಾಗಲೂ ನನಗೆ ಹೊಟ್ಟೆ ಉರಿಯುತ್ತಿದೆ. ಮುಚ್ಚಿಡುವುದೇನು ಬಂತು!

ನಾನು ಹಯವದನ, ಮೈಸೂರಿನವನು. ಇಲ್ಲೇ ಜಿಪಿ ಡಾಕ್ಟರಾಗಿ ಊರಿನ ಅರ್ಧ ಜನರ ಗಂಟಲಿಗೆ ಟಾರ್ಚು ಬಿಟ್ಟು ನಿವೃತ್ತನಾದವನು. ನಾನೂ ಬರೆಯುತ್ತೇನೆ. ಅದೂ ಸಾಹಸ ಕಥೆಗಳನ್ನೇ. ನಮ್ಮ ಕಡೆಯ ಕನ್ನಡ ಸಂಘ ಪ್ರತಿ ಯುಗಾದಿಗೆ ಒಂದು ಸಂಚಿಕೆ ತರುತ್ತದೆ, ಅದರಲ್ಲಿ ಮಾರ್ಟ್‌ಗೇಜ್ ಏಜೆಂಟನ ಜಾಹೀರಾತಿಗೂ ಸೀರೆ ಅಂಗಡಿಯ ಜಾಹೀರಾತಿಗೂ ನಡುವೆ ನನ್ನ ಕಥೆ ಇರುತ್ತದೆ. ಜನ ಸಂಚಿಕೆ ಕೈಗೆ ಬಂದ ಕೂಡಲೇ ತಮ್ಮ ಮಕ್ಕಳ ಫೋಟೊ ಇರುವ ಪುಟ ಹುಡುಕುತ್ತಾರೆ, ಆಮೇಲೆ ಅದರ ಮೇಲೆ ಚಿತ್ರಾನ್ನದ ತಟ್ಟೆ ಇಟ್ಟುಕೊಳ್ಳುತ್ತಾರೆ. ನನ್ನ ನಾಯಕ ಪ್ರವಾಹದಲ್ಲಿ ಜೀವ ಕೈಯಲ್ಲಿ ಹಿಡಿದು ಈಜುತ್ತಿದ್ದರೆ ಅವನ ತಲೆಯ ಮೇಲೆ ಸಾಸಿವೆ ಒಗ್ಗರಣೆಯ ಎಣ್ಣೆ ಇಳಿಯುತ್ತಿರುತ್ತದೆ.

ಇರಲಿ. ಊರವರು ಓದದಿದ್ದರೆ ಕತ್ತೆ ಬಾಲ. ನನಗೆ ಬೇಕಾಗಿದ್ದದ್ದು ಒಬ್ಬಳೇ ಓದುಗಾರ್ತಿ, ನನ್ನ ಹೆಂಡತಿ ಅಂಬುಜಾ. ಮನೆಯಲ್ಲಿ ಇರುವವಳು ಓದಿ 'ಚೆನ್ನಾಗಿದೆ ರೀ' ಎಂದು ಒಂದು ಸಲ ಅಂದುಬಿಟ್ಟಿದ್ದರೆ ನಾನು ಉರಾಬೆಯ ಲಕ್ಷ ಜನರನ್ನೂ ಅವರಿಗೇ ಬಿಟ್ಟುಕೊಡುತ್ತಿದ್ದೆ. ಆದರೆ ಆ ಪುಣ್ಯಾತ್ಗಿತ್ತಿ ಇಷ್ಟು ವರ್ಷದಲ್ಲಿ ಒಂದು ಮಾತು ಆಡಿದವಳಲ್ಲ. ಕೈಯಲ್ಲಿ ಸಂಚಿಕೆ ಹಿಡಿದದ್ದನ್ನೂ ನಾನು ಕಂಡವನಲ್ಲ. 'ಹೇಗಿದೆ?' ಎಂದು ಕೇಳಿದರೆ 'ಏನು, ಹುಳಿಯಾ?' ಎನ್ನುತ್ತಿದ್ದಳು.

ಅಂಬುಜಾ ನನ್ನ ಸರ್ಜರಿಯಲ್ಲೇ, ಅಂದರೆ ಕ್ಲಿನಿಕ್ಕಿನಲ್ಲೇ, ರಿಸೆಪ್ಶನ್ ನೋಡಿಕೊಂಡವಳು. ಅಲ್ಲಿ ನಾನು ಅವಳಿಗೆ 'ಡಾಕ್ಟರ್', ಮನೆಯಲ್ಲಿ 'ರೀ'. ನನ್ನ ಹೆಸರು ಅವಳ ಬಾಯಲ್ಲಿ ಬರುವುದಿಲ್ಲ. ಬ್ಯಾಂಕಿನವರು ಫೋನಿನಲ್ಲಿ 'ಗಂಡನ ಹೆಸರೇನು' ಎಂದರೆ ಫೋನನ್ನೇ ನನ್ನ ಕೈಗೆ ಕೊಡುತ್ತಾಳೆ. ಅವಳಮ್ಮ ಹಾಗೆ ಬೆಳೆಸಿದ್ದಾರೆ, ಅವಳು ಹಾಗೇ ಉಳಿದಿದ್ದಾಳೆ. ದೃಷ್ಟಿ ತೆಗೆಯುವುದೂ ಹಾಗೆಯೇ. ಯುಗಾದಿ ಕಾರ್ಯಕ್ರಮ ಮುಗಿದ ಮಾರನೆಯ ದಿನ ನನ್ನನ್ನು ಅಡುಗೆಮನೆಯ ಕುರ್ಚಿಯಲ್ಲಿ ಕೂರಿಸಿ, ಹಿಡಿಯಲ್ಲಿ ಉಪ್ಪು ಒಣಮೆಣಸಿನಕಾಯಿ ತುಂಬಿಕೊಂಡು, ಅವರ ಕಣ್ಣು ಇವರ ಕಣ್ಣು ಎಂದು ಗೊಣಗುತ್ತ ನಿವಾಳಿಸಿ, ಒಲೆಯ ಮೇಲಿನ ಕಬ್ಬಿಣದ ಕಾವಲಿಗೆ ಸುರಿಯುತ್ತಾಳೆ. ಘಾಟು ಎದ್ದು ಇಬ್ಬರೂ ಕೆಮ್ಮಿ ಕೆಮ್ಮಿ ಸಾಯುತ್ತೇವೆ, ಸ್ಮೋಕ್ ಅಲಾರ್ಮ್ ಬೀದಿಗೆಲ್ಲ ಕೇಳುವಂತೆ ಕೂಗುತ್ತದೆ, ನಾನು ಟೀ ಟವೆಲ್ ಹಿಡಿದು ಅದರ ಕೆಳಗೆ ಬೀಸುತ್ತ ನಿಲ್ಲುತ್ತೇನೆ. ಒಂದೊಂದು ವರ್ಷ ಅದೂ ಇಲ್ಲ. ನಿವಾಳಿಸುವುದು ಹೊಸ ಬಟ್ಟೆ ಹಾಕಿದ್ದಕ್ಕೋ ಏನೋ, ಹೆಂಗಸರ ಶಾಸ್ತ್ರ ಎಂದು ನಾನು ಕೇಳಲೂ ಹೋಗಲಿಲ್ಲ.

ಈಗ ಉರಾಬೆಯ ವಿಷಯಕ್ಕೆ ಬರೋಣ. ಬರೆಯಲೇಬೇಕಲ್ಲ.

ಜಪಾನಿನ ಉತ್ತರದ ತುದಿಯ ಒಂದು ಬಂದರಿನಲ್ಲಿ ಅವರ ತಂದೆ ಸಾರ್ವಜನಿಕ ಸ್ನಾನಗೃಹ ನಡೆಸುತ್ತಿದ್ದರಂತೆ. ಸಮುದ್ರದಿಂದ ಬಂದ ನಾವಿಕರು ಬಿಸಿನೀರಿನ ತೊಟ್ಟಿಯಲ್ಲಿ ಕುತ್ತಿಗೆಯವರೆಗೆ ಮುಳುಗಿ, ತಿಮಿಂಗಿಲ, ಮಂಜುಗಡ್ಡೆ, ಬಿರುಗಾಳಿ ಎಂದು ಬಾಯಿಗೆ ಬಂದದ್ದು ಕೊಚ್ಚುತ್ತಿದ್ದರು. ಉರಾಬೆ ಅಲ್ಲಿ ಕಟ್ಟಿಗೆ ಒಟ್ಟುತ್ತಾ ಕೇಳಿಸಿಕೊಂಡರು. ಒಂದು ಸಲ ಮೀನಿನ ದೋಣಿ ಹತ್ತಿ, ಬಂದರು ದಾಟುವುದರೊಳಗೆ ಕರುಳೆಲ್ಲ ಬಾಯಿಗೆ ಬರುವಂತೆ ವಾಂತಿ ಮಾಡಿಕೊಂಡು ವಾಪಸು ಬಂದರಂತೆ. ಸಮುದ್ರದ ಜೊತೆ ಅವರ ನೇರ ಸಂಬಂಧ ಅಷ್ಟೇ.

ಆಮೇಲೆ ಯೊಕೊಹಾಮಾದಲ್ಲಿ ಹಡಗುಗಳಿಗೆ ವಿಮೆ ಮಾಡುವ ಕಂಪನಿಯಲ್ಲಿ ಗುಮಾಸ್ತರಾದರು. ಮುಳುಗಿದ ಹಡಗುಗಳ ಕಡತಗಳು ದಿನಾ ಅವರ ಮೇಜಿಗೆ ಬರುತ್ತಿದ್ದವು. ಯಾವ ಬಂಡೆಗೆ ಬಡಿಯಿತು, ಕ್ಯಾಪ್ಟನ್ ಏನೆಂದ, ಅಡುಗೆಯವನು ಹೇಗೆ ಬದುಕಿದ, ಎಲ್ಲ ಸಾಕ್ಷಿ ಸಮೇತ. ಅದನ್ನೆಲ್ಲ ತಲೆಯಲ್ಲಿ ತುಂಬಿಕೊಂಡು ತೊರಾಕಿಚಿ ಎಂಬ ಹಡಗಿನ ಅಡುಗೆಯವನನ್ನು ನಾಯಕನನ್ನಾಗಿ ಮಾಡಿ ಮೊದಲ ಕಾದಂಬರಿ ಬರೆದರು. ಒಂದು ವಾರಪತ್ರಿಕೆ ಅದನ್ನು ಧಾರಾವಾಹಿಯಾಗಿ ಹಾಕಿತು. ಅಲ್ಲಿಂದ ಅವರ ದೆಸೆ ತಿರುಗಿತು ನೋಡಿ! ಪತ್ರಿಕೆಯ ಸಂಪಾದಕ ಮನೆಯ ನಡುಕೋಣೆಯಲ್ಲಿ ಬಂದು ಕೂರುತ್ತಿದ್ದನಂತೆ. ಇವರು ಬರೆದು ಮುಗಿಸುವವರೆಗೆ ಏಳುತ್ತಿರಲಿಲ್ಲವಂತೆ. ಶಾಯಿ ಒಣಗುವ ಮೊದಲೇ ಹಾಳೆ ಎಳೆದುಕೊಂಡು ಪ್ರೆಸ್ಸಿಗೆ ಓಡುತ್ತಿದ್ದನಂತೆ. ನನಗೆ ನಮ್ಮ ಸಂಘದ ಕಾರ್ಯದರ್ಶಿ ನೆನಪಾದ. ಕಥೆ ಕಳಿಸಿ ಹದಿನೈದು ದಿನವಾದ ಮೇಲೆ 'ಡಾಕ್ಟ್ರೇ, ಅರ್ಧ ಪುಟಕ್ಕೆ ಇಳಿಸ್ತೀರಾ, ಒಂದು ಕೇಟರಿಂಗ್ ಆ್ಯಡ್ ಬಂದಿದೆ' ಎನ್ನುವ ಪ್ರಾಣಿ ಅವನು.

ಮಾರ್ಗರೆಟ್ ಅಲ್ಲಿ ಇಂಗ್ಲಿಷ್ ಕಲಿಸಲು ಹೋಗಿದ್ದ ಸೊಲಿಹಲ್‌ನ ಹೆಣ್ಣುಮಗಳು. ಉರಾಬೆಯನ್ನು ಮದುವೆಯಾದರು. ಅವರ ತಾಯಿಗೆ ಕಾಯಿಲೆಯಾದಾಗ ಗಂಡನನ್ನೂ ಕರೆದುಕೊಂಡು ತವರಿಗೆ ಬಂದವರು ಇಲ್ಲೇ ನಿಂತುಬಿಟ್ಟರು. ಮನೆಯ ಹಿಂದಿನ ಶೆಡ್ಡಿನಲ್ಲಿ, ಹುಲ್ಲು ಕತ್ತರಿಸುವ ಯಂತ್ರದ ಪಕ್ಕ ಒಂದು ಮೇಜು ಹಾಕಿಕೊಂಡು ಉರಾಬೆ ದಕ್ಷಿಣ ಸಮುದ್ರದ ದ್ವೀಪಗಳನ್ನೂ ಹಿಮಾಲಯದ ಕಣಿವೆಗಳನ್ನೂ ಬರೆದರು, ಟೋಕಿಯೊಗೆ ಫ್ಯಾಕ್ಸ್ ಮಾಡಿದರು. ಬೇಲಿಯ ಈಚೆಗೆ ಟೊಮೇಟೊ ಗಿಡ ಕಟ್ಟುತ್ತಿದ್ದ ನನಗೆ ಅವರು ಕಾರು ಕಾರ್ಖಾನೆಯ ನಿವೃತ್ತ ಇಂಜಿನಿಯರ್ ಇರಬೇಕು ಎಂದೇ ಅನಿಸಿತ್ತು. ಆಗ ನಾವಿಬ್ಬರೂ ಒಳ್ಳೆಯ ಸ್ನೇಹಿತರು.

ಎರಡು ಸಾವಿರದ ಹತ್ತರ ಚಳಿಗಾಲದಲ್ಲಿ ಮಾರ್ಗರೆಟ್ ತೀರಿಕೊಂಡರು. ಉರಾಬೆಗೆ ಮೊಟ್ಟೆ ಬೇಯಿಸಲೂ ಬಾರದು. ಅಂಬುಜಾ ಒಂದು ದಿನ ಸಾರು ಕೊಟ್ಟು ಬಂದಳು, ಮಾರನೆಯ ದಿನ ಹುಳಿ, ಅದರ ಮಾರನೆಯ ದಿನ ಸಾರು ಹುಳಿ ಎರಡೂ. ಸ್ವಲ್ಪ ದಿನದಲ್ಲಿ ಪಾತ್ರೆ ಕೊಡಲು ಹೋದವಳು ಗಂಟೆಗಟ್ಟಲೆ ಅಲ್ಲೇ ಕೂರತೊಡಗಿದಳು. ಅವರು ಹೊಸ ಅಧ್ಯಾಯವನ್ನು ಇಂಗ್ಲಿಷಿನಲ್ಲಿ ಹೇಳುವುದು, ಇವಳು ಬಾಯಿ ಬಿಟ್ಟುಕೊಂಡು ಕೇಳುವುದು. ಮನೆಗೆ ಬಂದು ನನಗೆ ವರದಿ ಬೇರೆ.

"ತೊರಾಕಿಚಿ ಈಗ ಮಂಜುಗಡ್ಡೆ ಮೇಲೆ ಒಬ್ಬನೇ ಸಿಕ್ಕಾಕ್ಕೊಂಡಿದಾನೆ ರೀ. ಪಾಪ, ಬರೀ ಒಂದು ಬಾಣಲೆ ಇದೆ ಕೈಯಲ್ಲಿ."

"ಬಾಣಲೆ ಹಿಡ್ಕೊಂಡೇ ಸಾಯ್ಲಿ ಬಿಡು."

"ಅಯ್ಯೋ ಬಿಡ್ತು ಅನ್ನಿ!"

ನನ್ನ ಹುಳಿಯಲ್ಲಿ ಬೇಳೆ ಕಡಿಮೆಯಾಗಿದೆ ಎಂದು ನನಗೆ ಆಗಲೇ ಅನುಮಾನ ಬಂದಿತ್ತು.

ಅವರ ಧೈರ್ಯ ಎಷ್ಟಿದೆ ನೋಡಿಯೇ ಬಿಡೋಣ ಎಂದು ಒಂದು ಬೇಸಿಗೆಯಲ್ಲಿ ನಾನೇ ಕೆನಾಲ್ ದೋಣಿ ಬಾಡಿಗೆಗೆ ತೆಗೆದುಕೊಂಡೆ. ನಮ್ಮ ಕೆನಾಲ್‌ಗಳಲ್ಲಿ ದೋಣಿ ಹೋಗುವ ವೇಗ ದಡದಲ್ಲಿ ನಾಯಿ ಅಡ್ಡಾಡಿಸುವ ಮುದುಕಿಗಿಂತ ಕಡಿಮೆ. ನೀರು ನನ್ನ ಸೊಂಟಕ್ಕೂ ಬರುವುದಿಲ್ಲ. ಮೊದಲ ಸೇತುವೆ ದಾಟುವುದರೊಳಗೆ ತೊರಾಕಿಚಿಯನ್ನು ಪೆಸಿಫಿಕ್ ಸಾಗರ ಹತ್ತಾರು ಸಲ ದಾಟಿಸಿದ ಈ ಕಾದಂಬರಿಕಾರರ ಮುಖ ಸೋರೆಕಾಯಿ ಬಣ್ಣಕ್ಕೆ ತಿರುಗಿತು. ಅಂಬುಜಾ ಮಾಡಿಕೊಂಡು ಬಂದಿದ್ದ ಪುಳಿಯೋಗರೆಯೆಲ್ಲ ಕೆನಾಲ್ ಪಾಲಾಯಿತು. ನನಗೆ ಒಳಗೊಳಗೇ ಹಾಲು ಕುಡಿದಷ್ಟು ಸಂತೋಷ. ಅವಳೋ, ಸೆರಗಿನಿಂದ ಅವರಿಗೆ ಗಾಳಿ ಹಾಕುತ್ತ, "ಅಷ್ಟು ಭಯ ಇಟ್ಕೊಂಡು ಅಷ್ಟೊಂದು ಬರೀತಾರಲ್ಲ, ಅದು ರೀ ದೊಡ್ಡದು" ಅಂದಳು. ನನ್ನ ದುಡ್ಡಿನಲ್ಲಿ, ನನ್ನ ದೋಣಿಯಲ್ಲಿ, ನನ್ನ ಎದುರಿಗೆ!

ಇನ್ನೊಂದು ಸಲ ಜಪಾನಿನಿಂದ ಟಿವಿಯವರು ಬಂದರು. ವಿದೇಶದಲ್ಲಿ ಒಬ್ಬರೇ ಬದುಕುವ ಹಿರಿಯ ಲೇಖಕರ ಬಗ್ಗೆ ಕಾರ್ಯಕ್ರಮವಂತೆ. ಅಂಬುಜಾ ರೇಷ್ಮೆ ಸೀರೆ ಉಟ್ಟು ಉಪ್ಪಿಟ್ಟು ಬಡಿಸಿದಳು. ಕ್ಯಾಮೆರಾ ಅವಳ ಕೈಬಳೆಯನ್ನೂ ಬಿಡದೆ ಹಿಡಿಯಿತು. ನಾನೂ ಆ ಕಾರ್ಯಕ್ರಮದಲ್ಲಿದ್ದೇನೆ. ಹಿಂದುಗಡೆ, ಮಸುಕಾಗಿ, ಕಸದ ಬಿನ್ ತಳ್ಳಿಕೊಂಡು ಹೋಗುವ ಒಬ್ಬ ಗಂಡಸು ಕಾಣುತ್ತಾನಲ್ಲ, ಅದೇ.

ಎರಡು ಸಾವಿರದ ಹದಿನೇಳರ ಶರತ್ಕಾಲದಲ್ಲಿ ಸಂಘದ ಅಧ್ಯಕ್ಷ ಹರಿಶ್ಚಂದ್ರನ ಫೋನು ಬಂತು. ಡರ್ಬಿಯಲ್ಲಿ ವಿಮಾನದ ಇಂಜಿನ್ ಕೆಲಸ ಮಾಡುವ, ಕನ್ನಡದಲ್ಲಿ ಸಹಿ ಹಾಕುವುದನ್ನೇ ಸಾಹಿತ್ಯಸೇವೆ ಎಂದುಕೊಂಡಿರುವ ಮನುಷ್ಯ.

"ಡಾಕ್ಟ್ರೇ, ಈ ಸಲ ರಾಜ್ಯೋತ್ಸವಕ್ಕೆ ಒಬ್ಬ ಲೇಖಕರಿಗೆ ಸನ್ಮಾನ ಮಾಡೋಣ ಅಂತ ಕಮಿಟಿಯಲ್ಲಿ ಡಿಸೈಡ್ ಆಯ್ತು. ಮೈಸೂರು ಪೇಟ, ಶಾಲು, ಹಾರ, ಹಣ್ಣಿನ ಬುಟ್ಟಿ, ಫ್ರೇಮ್ ಹಾಕಿದ ಸನ್ಮಾನ ಪತ್ರ, ಎಲ್ಲ. ನೀವು ಇಲ್ಲ ಅನ್ನಬಾರದು."

ಪೇಟ ಕೂರಬೇಕಾದ ತಲೆಯನ್ನು ಒಮ್ಮೆ ಸವರಿಕೊಂಡೆ. ಕಂಬನಿ ಬರುವುದೊಂದು ಬಾಕಿ. "ಛೇ ಛೇ, ಅದೆಲ್ಲ ಯಾಕಪ್ಪ" ಎಂದೆ, ಬೇಡವೆನ್ನುವ ಧ್ವನಿಯಲ್ಲಿ ಬೇಕು ಎನ್ನುವುದು ಗೊತ್ತಾಗುವ ಹಾಗೆ.

"ಅಲ್ಲ ಸಾರ್, ಸನ್ಮಾನ ಪತ್ರ ಬರೆಯೋಕೆ ನಿಮ್ಮನ್ನ ಬಿಟ್ರೆ ನಮ್ಮಲ್ಲಿ ಯಾರಿದಾರೆ? ನಿಮ್ಮ ನೇಬರ್ ಬೇರೆ. ಮಿಸ್ಟರ್ ಉರಾಬೆ ಲೈಫ್ ಪೂರ್ತಿ ನಿಮಗೆ ಗೊತ್ತಿರುತ್ತೆ. ನೀವೇ ಬರೆದು ನೀವೇ ಸ್ಟೇಜ್ ಮೇಲೆ ಓದಬೇಕು."

ಕನ್ನಡ ರಾಜ್ಯೋತ್ಸವಕ್ಕೆ ಜಪಾನೀ ಲೇಖಕನಿಗೆ ಪೇಟ! ಕನ್ನಡದ ಒಂದಕ್ಷರ ಬಾರದವನಿಗೆ ಕನ್ನಡದ ಸನ್ಮಾನ ಪತ್ರ! ಅದನ್ನು ಬರೆಯುವವನು ನಾನು! ಫೋನಿಟ್ಟು ನಾನು ಹಾರಾಡಿದ ಹಾರಾಟಕ್ಕೆ ಅಂಬುಜಾ ತಿರುಗಿಯೂ ನೋಡಲಿಲ್ಲ. ಹೆರಳೆಕಾಯಿ ಹೆಚ್ಚುತ್ತಾ, "ಬರೀರಿ. ನಿಮಗೇ ತಾನೇ ಚೆನ್ನಾಗಿ ಬರೆಯೋಕೆ ಬರೋದು" ಎಂದಳು. ಉಪ್ಪಿನಕಾಯಿಗೆ ಉಪ್ಪು ಹಾಕಿದಷ್ಟೇ ಸಲೀಸಾಗಿ ಅಂದ ಮಾತು, ಹೊಗಳಿಕೆ ಎಂದು ನನಗೆ ಹೊಳೆಯಲೇ ಇಲ್ಲ.

ಆದರೂ ಸಭ್ಯತೆ ಎನ್ನುವುದೊಂದಿದೆಯಲ್ಲ. ಸಂಜೆ ಬೇಲಿಯ ಹತ್ತಿರ ನಿಂತು ಉರಾಬೆಗೆ ಅಭಿನಂದನೆ ಹೇಳಿದೆ. ಕೆಂಪಗೆ, ನೆಟ್ಟಗೆ ನಿಂತಿದ್ದರು ಆಸಾಮಿ. "ಎಂಬತ್ತಾದರೂ ಎಷ್ಟು ಗಟ್ಟಿಯಾಗಿದ್ದೀರಿ, ಒಂದು ದಿನ ಹುಷಾರು ತಪ್ಪಿದ್ದು ನೋಡಲಿಲ್ಲ!" ಎಂದೆ. ಅವರು ಸೊಂಟದಿಂದ ಬಾಗಿ ವಂದಿಸಿದರು. ಮಾರನೆಯ ಬೆಳಿಗ್ಗೆ ಇಬ್ಬನಿ ಹೆಪ್ಪುಗಟ್ಟಿದ ಮೆಟ್ಟಿಲ ಮೇಲೆ ಜಾರಿ ಬಿದ್ದು ಪಾದ ಉಳುಕಿಸಿಕೊಂಡರು. ಕಟ್ಟು ಹಾಕಿದವನೂ ನಾನೇ.

ಎರಡು ದಿನ ಬಿಟ್ಟು ಸನ್ಮಾನ ಪತ್ರಕ್ಕೆ ಬೇಕಾದ ವಿವರ ಕೇಳೋಣವೆಂದು ಅವರ ಮನೆಗೆ ಹೋದೆ. ಹಿಂಬಾಗಿಲು ತೆರೆದೇ ಇತ್ತು. ಒಳಗೆ ಕಾಲಿಟ್ಟವನು ಅಲ್ಲೇ ನಿಂತೆ. ಉರಾಬೆ ಕುರ್ಚಿಯಲ್ಲಿ ಕಾಲು ಚಾಚಿ, ಕಣ್ಣು ಮುಚ್ಚಿ, ಪೂಜೆಗೆ ಕೂತವರಂತೆ ಕೂತಿದ್ದಾರೆ. ನನ್ನ ಧರ್ಮಪತ್ನಿ ಅವರ ತಲೆಯ ಸುತ್ತ ಹಿಡಿ ಸುತ್ತುತ್ತಿದ್ದಾಳೆ. ಅವರ ಕಣ್ಣು ಇವರ ಕಣ್ಣು!

ನನಗೆ ಮೈಯೆಲ್ಲ ಉರಿದುಹೋಯಿತು. ಕಥೆ ಕೇಳಲಿ, ಹುಳಿ ಕೊಡಲಿ, ಸಹಿಸಿದ್ದೆ. ಇದು ನನ್ನದಲ್ಲವೇ? ನಮ್ಮ ಅಡುಗೆಮನೆಯ ಕುರ್ಚಿಯಲ್ಲಿ ವರ್ಷಕ್ಕೊಮ್ಮೆ ನನಗೆ ಸಿಗುತ್ತಿದ್ದ ಒಂದೇ ಒಂದು ಉಪಚಾರ! ಅವಳು ಉಪ್ಪು ಮೆಣಸಿನಕಾಯಿಯನ್ನು ಅವರ ಬಾಣಲೆಗೆ ಸುರಿದಳು. ಚಟಪಟ ಸದ್ದಾಯಿತು, ಹೊಗೆಯೂ ಇಲ್ಲ, ಘಾಟೂ ಇಲ್ಲ. "ನೋಡಿ, ನಾನು ಹೇಳಲಿಲ್ವಾ" ಎಂದು ಅವರಿಗೆ ಇಂಗ್ಲಿಷಿನಲ್ಲಿ ಹೇಳಿ, ನನ್ನನ್ನು ಕಂಡು ಏನೂ ನಡೆದೇ ಇಲ್ಲವೆಂಬಂತೆ ಪಾತ್ರೆ ತೆಗೆದುಕೊಂಡು ಮನೆಗೆ ಹೋದಳು.

"ಕೂತುಕೊಳ್ಳಿ, ಸೆನ್ಸೇ" ಎಂದರು ಉರಾಬೆ. ಅವರ ಭಾಷೆಯಲ್ಲಿ ಡಾಕ್ಟರನ್ನು ಹಾಗೆ ಕರೆಯುತ್ತಾರೆ. ಹಲ್ಲು ಕಚ್ಚಿಕೊಂಡು ಕೂತೆ. ಸ್ನಾನಗೃಹ, ವಿಮೆ ಕಂಪನಿ, ತೊರಾಕಿಚಿ, ಎಲ್ಲವನ್ನೂ ಕೇಳಿದೆ. ಕೊನೆಗೆ, ನಿಮಗೆ ಅತ್ಯಂತ ಇಷ್ಟವಾದ ನಿಮ್ಮ ಪುಸ್ತಕ ಯಾವುದು ಎಂದೆ.

ಅವರು ತಡಮಾಡದೆ ಎರಡು ವರ್ಷದ ಹಿಂದೆ ಬಂದ ಕಾದಂಬರಿಯನ್ನು ಕೈಗೆ ಕೊಟ್ಟರು. ಮುಖಪುಟದಲ್ಲಿ ಅಲೆಗಳು, ನಡುವೆ ಮರದ ದುಂಡನೆಯ ತೊಟ್ಟಿಯಂಥ ದೋಣಿ. ಜಪಾನಿನಲ್ಲಿ ಅಂಥ ದೋಣಿಗಳಿವೆಯಂತೆ. ಕಥೆ ಹೇಳಿದರು. ದ್ವೀಪದಲ್ಲಿ ಹೆರಿಗೆಯಾಗದೆ ಒಬ್ಬಳು ಒದ್ದಾಡುತ್ತಿರುತ್ತಾಳೆ. ಎಳೆಯ ಡಾಕ್ಟರೊಬ್ಬ ಬಿರುಗಾಳಿಯಲ್ಲಿ ಆ ದುಂಡು ದೋಣಿ ಹತ್ತುತ್ತಾನೆ. ದೋಣಿ ಗರಗರ ತಿರುಗತೊಡಗುತ್ತದೆ. ಅವನು ಹೆದರಿ ಹುಟ್ಟು ಕಿತ್ತುಕೊಳ್ಳಲು ಹೋದಾಗ ಅಂಬಿಗ ತಡೆದು ಹೇಳುತ್ತಾನೆ: "ತಡೀಬೇಡಿ ಸ್ವಾಮಿ. ಸುತ್ತಲಿ ಬಿಡಿ. ಸುತ್ತೋವರೆಗೂ ಮುಳುಗಲ್ಲ."

ಅದು ನನ್ನ ಅಂಬಿಗ! ನನ್ನ ಕಪಿಲಾ ಹೊಳೆ, ನಂಜನಗೂಡಿನ ಹತ್ತಿರದ ನನ್ನ ಹರಿಗೋಲು, ನನ್ನ ಎಳೆಯ ಡಾಕ್ಟರ್! ಎರಡು ಸಾವಿರದ ಹನ್ನೊಂದರ ಯುಗಾದಿ ಸಂಚಿಕೆ. ನಾನು ಹರಿಗೋಲಿನಲ್ಲಿ ಕೂತಿದ್ದದ್ದು ಪಿಕ್ನಿಕ್ಕಿನಲ್ಲಿ ಒಂದೇ ಸಲ, ಅದೂ ಮೊಣಕಾಲುದ್ದ ನೀರಿನಲ್ಲಿ, ಅದು ಬೇರೆ ಮಾತು. ಅಂಬಿಗನ ಮಾತು ಮಾತ್ರ ಪೂರಾ ನನ್ನ ತಲೆಯಿಂದ ಬಂದದ್ದು.

"ಇದು... ಇದು ನಿಮಗೆ ಎಲ್ಲಿ ಸಿಕ್ಕಿತು?"

"ಅಂಬುಜಾ-ಸಾನ್ ಹೇಳಿದ್ದು" ಎಂದರು ಅವರು ಮುಚ್ಚುಮರೆಯಿಲ್ಲದೆ, 'ಸಾನ್' ಎಂಬ ತಮ್ಮ ಗೌರವದ ಬಾಲ ಸೇರಿಸಿ. "ನಿಮ್ಮ ಭಾಷೆಯ ಒಬ್ಬ ಲೇಖಕ ಬರೆದದ್ದಂತೆ. ನಾನು ನನ್ನ ಕಥೆ ಹೇಳಿದಾಗಲೆಲ್ಲ ಅವರು ಆ ಲೇಖಕನ ಒಂದು ಕಥೆ ಹೇಳುತ್ತಾರೆ. ಸೌಟು ಹಿಡಿದುಕೊಂಡು ಅಂಬಿಗನ ಹಾಗೇ ನಿಂತು ಹೇಳಿದರು. ಹೇಳುತ್ತಾ ಕಣ್ಣು ಒರೆಸಿಕೊಂಡರು. ಬರೆದುಕೊಳ್ಳಲೇ ಎಂದು ಅನುಮತಿ ಕೇಳಿದೆ, ಕೊಟ್ಟರು. ಎಷ್ಟು ಕೇಳಿದರೂ ಲೇಖಕನ ಹೆಸರು ಮಾತ್ರ ಹೇಳಲಿಲ್ಲ, ನಕ್ಕು ಸುಮ್ಮನಾದರು. ಪುಸ್ತಕದ ಕೊನೆಯಲ್ಲಿ 'ಹೆಸರು ತಿಳಿಯದ ಕನ್ನಡ ಲೇಖಕನಿಗೆ ಋಣಿ' ಎಂದು ಹಾಕಿದ್ದೇನೆ. ಸೆನ್ಸೇ, ನಿಮಗೆ ಅವನು ಗೊತ್ತೇ?"

ನಾನು ಎದ್ದೆ. ಚಪ್ಪಲಿಯನ್ನೂ ಸರಿಯಾಗಿ ಮೆಟ್ಟದೆ ಮನೆಗೆ ಓಡಿದೆ.

ಅಂಬುಜಾ ಕೊತ್ತಂಬರಿ ಸೊಪ್ಪು ಬಿಡಿಸುತ್ತಿದ್ದಳು.

"ನನ್ನ ಕಥೆ ಓದಿದೀಯಾ ನೀನು?"

"ಓದಿಲ್ಲ ಅಂತ ಯಾರು ಹೇಳಿದ್ರು?"

"ಎಲ್ಲಾ?"

"ಎಲ್ಲಾನೂ. ನೀವು ವಾಕಿಂಗ್ ಹೋದಾಗ."

"ಮತ್ತೆ ಒಂದು ಮಾತು ಹೇಳೋಕೆ ನಿನಗೇನಾಗಿತ್ತೇ, ಮಹಾತಾಯಿ? ಅವರ ಮುಂದೆ ಸೌಟು ಹಿಡ್ಕೊಂಡು ಅಳ್ತೀಯ, ನನ್ನ ಮುಂದೆ ಹುಳಿಯಾ ಅಂತೀಯ!"

"ಚೆನ್ನಾಗಿದೆ ಚೆನ್ನಾಗಿದೆ ಅಂತ ನಮ್ಮವರನ್ನ ನಾವೇ ಎದುರಿಗೆ ಹೊಗಳಿದ್ರೆ ದೃಷ್ಟಿ ಆಗಲ್ವೇನ್ರೀ? ನಮ್ಮಮ್ಮ ಯಾವತ್ತಾದ್ರೂ ಅಪ್ಪನ್ನ ಹೊಗಳಿದ್ದುಂಟಾ? ಅದಕ್ಕೇ ಅಲ್ವಾ, ಸಂಚಿಕೆ ಬಂದ ಮಾರನೇ ದಿನ ಕೂರಿಸಿ ನಿವಾಳಿಸ್ತಿದ್ದಿದ್ದು. ನೀವು ಏನಂದ್ಕೊಂಡಿದ್ರಿ?"

ನಾನು ಕುರ್ಚಿ ಎಳೆದುಕೊಂಡು ಕೂತೆ. ಅಷ್ಟೂ ವರ್ಷದ ಕೆಮ್ಮು, ಅಷ್ಟೂ ಸಲ ಬೀಸಿದ ಟೀ ಟವೆಲ್ಲು ಒಟ್ಟಿಗೆ ಕಣ್ಣಮುಂದೆ ಬಂದವು. ಆಮೇಲೆ ಇನ್ನೊಂದು ಹೊಳೆಯಿತು.

"ಹದಿಮೂರನೇ ಇಸವಿಯಲ್ಲಿ ನಿವಾಳಿಸಲಿಲ್ಲ?"

"ಆ ಹುಲಿ ಕಥೆ ಅಷ್ಟಕ್ಕಷ್ಟೇ ರೀ. ಪುಟಕ್ಕೆ ನಾಲ್ಕು ಸಲ ಗರ್ಜಿಸುತ್ತೆ."

ನಿಜವೇ. ಆದರೂ ಚುಚ್ಚಿತು.

"ಹಾಗಾದ್ರೆ ಇವತ್ತು ಅವರಿಗೆ ಯಾಕೆ? ಅವರ ಕಥೆ ನನ್ನ ಕಥೆಗಿಂತ ಚೆನ್ನಾಗಿದೆ ಅಂತಾನಾ?"

ಅವಳು ಕೊತ್ತಂಬರಿ ಕೆಳಗಿಟ್ಟು ನನ್ನನ್ನು ದುರುಗುಟ್ಟಿಕೊಂಡು ನೋಡಿದಳು. "ಕಥೆಗಲ್ಲ ರೀ, ನಿಮ್ಮ ಕಣ್ಣಿಗೆ! ಬೇಲಿ ಹತ್ರ ನಿಂತ್ಕೊಂಡು ಎಷ್ಟು ಗಟ್ಟಿಯಾಗಿದೀರಿ ಅಂದ್ರಿ. ಬೆಳಗಾಗೋದ್ರೊಳಗೆ ಪಾಪ ಮನುಷ್ಯ ನೆಲ ಕಚ್ಚಿದ್ರು. ನೀವೇ ನೋಡಿದ್ರಲ್ಲ, ಅಷ್ಟು ಮೆಣಸಿನಕಾಯಿ ಸುಟ್ರೂ ಒಂಚೂರು ಘಾಟು ಬರಲಿಲ್ಲ. ಅಂದ್ರೆ ಎಂಥಾ ಕಣ್ಣು ಬಿದ್ದಿರಬೇಕು!"

ನನಗೆ ಈ ಲೆಕ್ಕ ಗೊತ್ತಿಲ್ಲದ್ದೇನಲ್ಲ. ದೃಷ್ಟಿ ತಾಗಿದ್ದರೆ ಮೆಣಸಿನಕಾಯಿ ಘಾಟು ಬರುವುದಿಲ್ಲ, ತಾಗದಿದ್ದರೆ ಬರುತ್ತದೆ. ನನ್ನ ಅಜ್ಜಿಯೂ ಹೇಳುತ್ತಿದ್ದಳು. ಹಾಗಾದರೆ ನನಗೆ ನಿವಾಳಿಸಿದಾಗ? ಪ್ರತಿ ಸಲವೂ ಮನೆ ತುಂಬ ಘಾಟು, ಪ್ರತಿ ಸಲವೂ ಅಲಾರ್ಮ್. ಅಂದರೆ ಇಷ್ಟು ವರ್ಷದಲ್ಲಿ, ಇಷ್ಟು ಕಥೆ ಬರೆದರೂ, ಈ ಪ್ರಪಂಚದಲ್ಲಿ ನನ್ನ ಮೇಲೆ ಹೊಟ್ಟೆಕಿಚ್ಚು ಪಟ್ಟ ಒಂದು ನರಪಿಳ್ಳೆಯೂ ಇರಲಿಲ್ಲ! ಹೆಂಡತಿ ಓದಿದ್ದಾಳೆಂದು ತಿಳಿದ ಖುಷಿಯೂ ಈ ಅವಮಾನವೂ ಒಟ್ಟಿಗೆ ನುಗ್ಗಿ ಬಂದು ನನಗೆ ರಾತ್ರಿಯ ಊಟ ಸೇರಲಿಲ್ಲ.

ಆ ಲೇಖಕ ನಾನೇ ಎಂದು ಉರಾಬೆಗೆ ಹೇಳಬೇಕೋ ಬೇಡವೋ? ನಾನಾಗಿ ಹೋಗಿ ಹೇಳಿಕೊಂಡರೆ ಪೇಟ ಬೇಡಿದಂತಾಗುತ್ತದೆ. ಹೇಳದಿದ್ದರೆ ಹೊಟ್ಟೆ ಒಡೆದುಹೋಗುತ್ತದೆ. ಸುಮ್ಮನೆ ಕೂತು ಸನ್ಮಾನ ಪತ್ರ ಬರೆದೆ. 'ಸಾಹಸಸಾಹಿತ್ಯಸಾರ್ವಭೌಮರೇ, ಉದಯರವಿಯ ನಾಡಿನ ಉಜ್ಜ್ವಲ ತಾರೆಯೇ' ಎಂದು ಶುರುವಾಗಿ ಕೊನೆಯವರೆಗೂ ಅದೇ ಧಾಟಿ. ಯಾವ ಊರಿನ ಯಾವ ಲೇಖಕನಿಗೆ ಬೇಕಾದರೂ ಓದಬಹುದು, ಹೆಸರು ಬದಲಾಯಿಸಿದರೆ ಸಾಕು.

ರಾಜ್ಯೋತ್ಸವ ಒಂದು ಶಾಲೆಯ ಹಾಲಿನಲ್ಲಿ ನಡೆಯಿತು. ಉರಾಬೆ ಕೋಲೂರಿಕೊಂಡು ವೇದಿಕೆ ಹತ್ತಿದರು. ಪೇಟ ಅವರ ಸಣ್ಣ ತಲೆಗೆ ದೊಡ್ಡದಾಗಿ ಕಿವಿಯವರೆಗೆ ಇಳಿಯಿತು. ಹರಿಶ್ಚಂದ್ರ ಶಾಲು ಹೊದಿಸಿದ, ಕಿತ್ತಳೆ ಸೇಬು ತುಂಬಿದ ಬುಟ್ಟಿ ಕೊಟ್ಟ, ಮಕ್ಕಳು ಚಪ್ಪಾಳೆ ತಟ್ಟಿದರು. ನಾನು ಸಾರ್ವಭೌಮರೇ ಎಂದು ಓದಿ ಮುಗಿಸಿದೆ. ಆಮೇಲೆ ಉರಾಬೆ ಮೈಕಿನ ಮುಂದೆ ನಿಂತರು.

"ಈ ಗೌರವದಲ್ಲಿ ಅರ್ಧ ನನ್ನದಲ್ಲ" ಎಂದರು ಮೆಲ್ಲಗೆ. ದುಂಡು ದೋಣಿಯ ಕಥೆ ಹೇಳಿದರು. "ಅದನ್ನು ಮೊದಲು ಬರೆದವರು ನಿಮ್ಮ ಭಾಷೆಯವರು. ಹೆಸರು ಅಂಬುಜಾ-ಸಾನ್‌ಗೆ ಗೊತ್ತು. ಇವತ್ತಾದರೂ ಹೇಳಬೇಕು ಎಂದು ಎಲ್ಲರ ಮುಂದೆ ಕೇಳುತ್ತೇನೆ."

ಹಾಲಿನವರೆಲ್ಲ ಮುಂದಿನ ಸಾಲಿನ ಕಡೆ ತಿರುಗಿದರು. ಅಂಬುಜಾ ಎದ್ದು ನಿಂತಳು. ಬಾಯಿ ತೆರೆದಳು, ಮುಚ್ಚಿದಳು. ಕಿವಿಯೆಲ್ಲ ಕೆಂಪಾಯಿತು. ಯಾರೋ ಹಿಂದಿನಿಂದ "ಹೇಳಿ ಮೇಡಂ" ಎಂದು ಕೂಗಿದರು. ಬ್ಯಾಂಕಿನವರು ಕೇಳಿದಾಗ ನನಗೆ ಫೋನು ದಾಟಿಸಿದ ಹಾಗೆ ಇಲ್ಲಿ ದಾಟಿಸಲು ಏನೂ ಇರಲಿಲ್ಲ. ಕೊನೆಗೆ ಸೆರಗು ಎಳೆದುಕೊಂಡು, "ಅವರು ಇಲ್ಲೇ ಸ್ಟೇಜ್ ಮೇಲೇ ಇದಾರೆ" ಎಂದು ನನ್ನ ಕಡೆ ಕೈ ತೋರಿಸಿ ಕೂತುಬಿಟ್ಟಳು. ಹೆಂಗಸರೆಲ್ಲ ಹೋ ಎಂದು ನಕ್ಕರು.

ಉರಾಬೆ ನನ್ನ ಕಡೆ ತಿರುಗಿದರು. ಆ ಮುಖವನ್ನು ನಾನು ಮರೆಯಲಾರೆ. ಮೊದಲು ಆಶ್ಚರ್ಯ, ಆಮೇಲೆ ನಗು, ಆಮೇಲೆ ನಗು ನಿಧಾನವಾಗಿ ಇಳಿದು ಇನ್ನೇನೋ ಬಂತು. ಅದೇನೆಂದು ನನಗೆ ತಕ್ಷಣ ಗೊತ್ತಾಯಿತು, ದಿನಾ ಬೆಳಿಗ್ಗೆ ಗಡ್ಡ ಕೆರೆಯುವಾಗ ಕನ್ನಡಿಯಲ್ಲಿ ನೋಡುತ್ತಿದ್ದೆನಲ್ಲ. ಹತ್ತಿರ ಬಂದು, ಮೈಕಿಗೆ ಕೇಳದಂತೆ ಹೇಳಿದರು: "ಮಾರ್ಗರೆಟ್‌ಗೆ ಜಪಾನೀ ಮಾತಾಡಲು ಬರುತ್ತಿತ್ತು, ಓದಲು ಬರುತ್ತಿರಲಿಲ್ಲ. ನನ್ನ ಒಂದು ಪುಟವನ್ನೂ ಅವಳು ಓದಲಿಲ್ಲ. ನಿಮ್ಮನ್ನು ಕಂಡರೆ ನನಗೆ ಹೊಟ್ಟೆಕಿಚ್ಚು ತಡೆಯಲಾಗುತ್ತಿಲ್ಲ, ಸೆನ್ಸೇ."

ಪೇಟ ಮಾತ್ರ ತೆಗೆದು ನನಗೆ ಕೊಡಲಿಲ್ಲ. ನಾನೂ ಅವರ ಜಾಗದಲ್ಲಿದ್ದರೆ ಕೊಡುತ್ತಿರಲಿಲ್ಲ.

ಮನೆಗೆ ಬಂದವನು ಕೋಟು ಬಿಚ್ಚದೆ ನೇರ ಅಡುಗೆಮನೆಯ ಕುರ್ಚಿಯಲ್ಲಿ ಕೂತೆ. ಅಂಬುಜಾ ಕಾಫಿಗೆ ಹಾಲಿಟ್ಟಳು. ಕಾಫಿ ಮುಗಿಯಿತು. ಲೋಟ ತೊಳೆದದ್ದಾಯಿತು.

"ಏನೇ, ಇವತ್ತು ಉಪ್ಪು ಮೆಣಸಿನಕಾಯಿ ಇಲ್ವಾ?"

"ಆ ಸನ್ಮಾನ ಪತ್ರಕ್ಕಾ?" ಅವಳಿಗೆ ನಗು ತಡೆಯಲಾಗಲಿಲ್ಲ. "ಸಾರ್ವಭೌಮ ಅಂತೆ, ತಾರೆ ಅಂತೆ. ಅದರಲ್ಲಿ ಉರಾಬೆಯ ಒಂದು ಕೂದಲೂ ಕಾಣಲ್ಲ. ಹೊಟ್ಟೆಕಿಚ್ಚು ಮುಚ್ಚೋಕೆ ದೊಡ್ಡ ದೊಡ್ಡ ಮಾತು ಗುಡ್ಡೆ ಹಾಕಿದೀರಿ. ಇದ್ದದ್ದು ಇದ್ದ ಹಾಗೆ ಬರೆದಿದ್ರೆ ಎಷ್ಟು ಚೆನ್ನಾಗಿರ್ತಿತ್ತು."

ಆ ಸಿಟ್ಟಿಗೆ ಬರೆದದ್ದು ಇದು. ಚಳಿಗಾಲವಿಡೀ ಬರೆದೆ. ಹೊಟ್ಟೆಕಿಚ್ಚನ್ನು ಹೊರಗೆ ಹಾಕಿಯೇ ಬರೆದೆ. ಇಷ್ಟನ್ನು ಊಟದ ಮೇಜಿನ ಮೇಲೆ ಮರೆತವನಂತೆ ಬಿಟ್ಟು ನಿನ್ನೆ ವಾಕಿಂಗ್ ಹೊರಟೆ. ಉರಾಬೆ ತಮ್ಮ ಗೇಟಿನ ಹತ್ತಿರ ನಿಂತಿದ್ದರು. "ಹೊಸದೇನಾದರೂ ಬರೆದಿರಾ? ಅಂಬುಜಾ-ಸಾನ್ ಓದಿದರೇ?" ಎಂದು ಕೇಳಿ, ಉತ್ತರಕ್ಕೂ ಕಾಯದೆ ಮುಖ ತಿರುಗಿಸಿಕೊಂಡು ಒಳಗೆ ಹೋದರು. ನಾನು ಅರ್ಧ ದಾರಿಯಿಂದಲೇ ವಾಪಸು ಬಂದೆ.

ಹಾಳೆಗಳು ಮಡಿಸಿಟ್ಟಿದ್ದವು. ಅಂಬುಜಾ ಕುರ್ಚಿ ಎಳೆದು ತೋರಿಸಿದಳು. ಕೂತೆ. ಉಪ್ಪು, ಮೆಣಸಿನಕಾಯಿ, ಅವರ ಕಣ್ಣು, ಇವರ ಕಣ್ಣು. ಕಾವಲಿಗೆ ಸುರಿದಳು. ನಾನು ಅಭ್ಯಾಸಬಲದಿಂದ ಟೀ ಟವೆಲ್ ಹಿಡಿದು ಅಲಾರ್ಮಿನ ಕೆಳಗೆ ನಿಂತುಕೊಂಡೆ. ಮೆಣಸಿನಕಾಯಿ ಕಪ್ಪಾಯಿತು. ಕೆಮ್ಮು ಬರಲಿಲ್ಲ. ಅಲಾರ್ಮ್ ಸುಮ್ಮನಿತ್ತು. ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿಕೊಂಡೆವು. ಅಂಬುಜಾಳ ಕಣ್ಣು ಬೇಲಿಯ ಆಚೆಗೆ ಹೋಯಿತು.

ನಾನು ಕುರ್ಚಿ ಹತ್ತಿ ಅಲಾರ್ಮಿನ ಗುಂಡಿ ಒತ್ತಿದೆ. ಮನೆ ಹಾರಿಹೋಗುವಂತೆ ಕೂಗಿತು. ಬ್ಯಾಟರಿ ಸರಿಯಾಗಿಯೇ ಇತ್ತು.